ಗಿಟಾರ್ ಕಾರ್ಡ್ ನಿಘಂಟಿನ ಆ್ಯಪ್ ಬಳಸುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಮೊಬೈಲಿನಲ್ಲಿ ಗಿಟಾರ್ ಕಾರ್ಡ್ (chord, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಿಘಂಟಿನ ಆ್ಯಪ್ ಬಳಸುವವರು, ಕಾರ್ಡ್ ಹುಡುಕುವ ಮೊದಲು, ಸೆಟ್ಟಿಂಗ್ಸ್‌ನಲ್ಲಿ ಆರು ತಂತಿಗಳ ಶ್ರುತಿಯು ಇ-ಎ-ಡಿ-ಜಿ-ಬಿ-ಇ ಎಂದೇ ಇದೆಯೇ, ಎಡಗೈ ವಾದಕರ ಆಯ್ಕೆ ಅರಿವಿಲ್ಲದೆ ಆನ್ ಆಗಿದೆಯೇ ಎಂಬುದನ್ನು ದಯವಿಟ್ಟು ನೋಡಿಕೊಳ್ಳಬೇಕು. ಇದನ್ನು ಗಮನಿಸದೆ ನಾನೇ ಎರಡು ದಿನ ಬೆರಳಿಡುವ ಜಾಗ ತೋರಿಸುವ, ತಿರುಗುಮುರುಗಾದ ಕಾರ್ಡ್ ಚಿತ್ರಗಳೊಂದಿಗೆ ಗುದ್ದಾಡಿದ್ದೇನೆ. ಸಾಮಾನ್ಯ ಚಿತ್ರದಲ್ಲಿ ಎಡತುದಿಯ ಗೆರೆಯೇ ದಪ್ಪನೆಯ ಆರನೇ ತಂತಿ. ಚುಕ್ಕೆಗಳೊಳಗಿನ 1ರಿಂದ 4ರವರೆಗಿನ ಅಂಕಿಗಳು ತೋರುಬೆರಳಿನಿಂದ ಕಿರುಬೆರಳಿನವರೆಗಿನ ಬೆರಳುಗಳನ್ನು ಸೂಚಿಸುತ್ತವೆಯೇ ಹೊರತು ಫ್ರೆಟ್‌ಗಳನ್ನಲ್ಲ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡ ಪಟ್ಟಿಗಳಿಂದ ಭಾಗವಾದ ಮನೆ). ಉದಾಹರಣೆಗೆ, ಸಿ ಮೇಜರ್ ಎಂಬ ಕಾರ್ಡ್‌ನ ಚಿತ್ರದಲ್ಲಿ ಆರನೇ ತಂತಿಯ ಮೇಲಿರುವ ಗುಣಾಕಾರ ಚಿಹ್ನೆ ಅದನ್ನು ಮೀಟಬಾರದೆಂದೂ, ಮೂರನೆಯ ಮತ್ತು ಒಂದನೆಯ ತಂತಿಗಳ ಮೇಲಿನ ಸೊನ್ನೆ ಅವನ್ನು ಒತ್ತದೆಯೇ ಮೀಟಬೇಕೆಂದೂ ತಿಳಿಸುತ್ತದೆ. ಆ್ಯಪ್‌ನ ಧ್ವನಿ ಕೇಳಿಸಿಕೊಂಡ ಬಳಿಕ ನಿಮ್ಮ ತಂತಿಗಳನ್ನು ಒಂದೊಂದಾಗಿ ಮೀಟಿ, ಯಾವುದು ಮಂಕಾಗಿದೆಯೋ ಅಲ್ಲಿನ ಬೆರಳನ್ನು ಫ್ರೆಟ್‌ನ ಪಟ್ಟಿಗೆ ಇನ್ನಷ್ಟು ಹತ್ತಿರ ಸರಿಸಿರಿ.