ಹೊಗೆ ತಪಾಸಣೆಯ ಪೈಪು ಹತ್ತು ನಿಮಿಷ ನಮಗೂ ಸಿಗಲಿ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ದಾಟಿದ ಬೈಕುಗಳನ್ನೆಲ್ಲ ಗುಜರಿಗೆ ಹಾಕಬೇಕು, ಉಡುಪಿಯ ಕಲ್ಸಂಕದಲ್ಲಿ ಅವುಗಳ ಹಿಂದೆ ನಿಂತರೆ ಉಸಿರು ಕಟ್ಟುತ್ತದೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಉಸಿರು ಕಟ್ಟುವುದು ನಿಜ. ಮೂರು ತಿಂಗಳ ಹಿಂದೆಯಾದರೆ ಅವರು ನಿಂತದ್ದು ನನ್ನ ಬೈಕಿನ ಹಿಂದೆಯೇ ಇರಬಹುದು. ಆದರೆ ಆಗ ತಪ್ಪು ಬೈಕಿನದ್ದಲ್ಲ, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರಿನದ್ದು.

ನಾನು ಉದ್ಯಾವರದವನು. ಇಪ್ಪತ್ತೆರಡು ವರ್ಷದಿಂದ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದೇನೆ, ಅಂದರೆ ಅಂಗಡಿ ಅಂಗಡಿಗೆ ಹೋಗಿ ದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಕೆಲಸ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಇದೇ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಪದ್ಧತಿ ಅದು. ಕಿನ್ನಿಮುಲ್ಕಿಯಿಂದ ಮಲ್ಪೆ ಬಂದರಿನ ತನಕ ದಿನಕ್ಕೆ ಅರುವತ್ತು ಅಂಗಡಿ, ಅರುವತ್ತು ಸಲ ಆಫ್, ಅರುವತ್ತು ಸಲ ಸ್ಟಾರ್ಟ್. ಬೈಕು 2009ರ ಪಲ್ಸರ್ 150. ಹದಿನೈದು ವರ್ಷ ಮುಗಿದ ಮೇಲೆ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ಕಾನೂನು ಪ್ರಕಾರವೇ ನವೀಕರಣ ಮಾಡಿಸಿದ್ದೇನೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಬಿಎಸ್6 ಎಂಬ ಹೊಸ ಹೊಗೆ ನಿಯಮ ಬಂದು ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಕಾಲವೂ ಬಹುಮಟ್ಟಿಗೆ ಮುಗಿಯಿತು. ನಾನು ಮಾತ್ರ ಇನ್ನೂ ಪಿಗ್ಮಿ ಪುಸ್ತಕ ಹಿಡಿದು ಕಾರ್ಬ್ಯುರೇಟರ್ ಬೈಕಿನಲ್ಲಿ ತಿರುಗುತ್ತಿದ್ದೇನೆ.

ಈಚೆಗೆ ಬೈಕು ಬೆಳಿಗ್ಗೆ ಚೋಕ್ ಎಳೆದರೂ ಸುಲಭಕ್ಕೆ ಹಿಡಿಯುತ್ತಿರಲಿಲ್ಲ. ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು. ಸಿಗ್ನಲ್‌ನಲ್ಲಿ ಆಫ್. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆದರೆ ಹೀಗೆಯೇ ಆಗುವುದು. ಶೇ. 20 ಎಥೆನಾಲ್ ಇರುವ ಪೆಟ್ರೋಲ್ ಬಂಕಿಗೆ ಬಂದ ಮೇಲೆ ಇದು ಹೆಚ್ಚಾಗಿದೆ ಎಂದು ನನ್ನ ಗಿರಾಕಿಗಳಲ್ಲೂ ಹಲವರು ಹೇಳುತ್ತಾರೆ. ಅದಕ್ಕೆ ಕಾರಣವೂ ಉಂಟು. ಒಂದು ಕಿಲೋ ಬರೀ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥೆನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಒಂಬತ್ತು ಕಿಲೋ ಸಾಕು. ಹಳೆಯ ಜೆಟ್ಟಿಗೆ, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿಗೆ, ಈ ಸುದ್ದಿ ತಲುಪಿಲ್ಲ. ಅದು ಮೊದಲಿನಷ್ಟೇ ಬಿಡುತ್ತದೆ, ಗಾಳಿ ಮಿಕ್ಕುತ್ತದೆ. ಸೈಲೆನ್ಸರಿನಲ್ಲಿ ಆಮ್ಲಜನಕದ ಸೆನ್ಸರ್ ಇರುವ, ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಬೈಕು ತನ್ನಷ್ಟಕ್ಕೆ ಸರಿಮಾಡಿಕೊಳ್ಳುತ್ತದೆ. ನಮ್ಮದಕ್ಕೆ ನಾವೇ ಸೆನ್ಸರ್.

ಸರ್ವಿಸಿಗೆ ಒಯ್ದರೆ ಅಲ್ಲಿಯ ಹುಡುಗ, "ಅಣ್ಣಾ, ಇದಕ್ಕೆ ಸ್ಕ್ಯಾನರ್ ಹಾಕ್ಲಿಕ್ಕೆ ಆಗುದಿಲ್ಲ. ಹೊಸ ಕಾರ್ಬ್ಯುರೇಟರ್ ಹಾಕುವ, ಇಲ್ಲದಿದ್ರೆ ಎಕ್ಸ್‌ಚೇಂಜ್ ಮಾಡಿ" ಎಂದ. ನನಗೆ ಸಿಟ್ಟು ಬಂತು. ಅಣ್ಣ ಮುಂಬಯಿಗೆ ಹೋಗುವಾಗ ಬಿಟ್ಟುಹೋದ ಯಮಾಹಾ ಆರ್‌ಎಕ್ಸ್ 100 ಬೈಕಿನಲ್ಲಿ ಟ್ಯೂನಿಂಗ್ ಕಲಿತವನು ನಾನು. ಭಾನುವಾರ ಅಂಗಳದಲ್ಲಿ ಕೂತು, ಪೆಟ್ರೋಲ್ ಹೆಚ್ಚಿಸಬೇಕೆಂದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್-ಗಾಳಿಯ ಪಾಲು ಹೊಂದಿಸುವ ಸ್ಕ್ರೂವನ್ನು ಒಳಗೆ ತಿರುಗಿಸಿದೆ. ಬೈಕು ಮತ್ತೂ ಕೆಟ್ಟಿತು.

ಕಾರಣ ಇಷ್ಟೇ. ಆರ್‌ಎಕ್ಸ್‌ನಲ್ಲಿ ಆ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದೆ, ಅದು ಗಾಳಿಯ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಪಲ್ಸರಿನಲ್ಲಿ ಅದು ಎಂಜಿನಿನ ಕಡೆಗೆ, ಪೆಟ್ರೋಲಿನ ಸ್ಕ್ರೂ. ಒಳಗೆ ಹೋದಷ್ಟೂ ಪೆಟ್ರೋಲೇ ಕಡಿಮೆ. ಮನೆಯಲ್ಲಿ ಕೈಹಾಕುವವರು ಬೇರೆಲ್ಲ ಮರೆತರೂ ಸ್ಕ್ರೂ ಯಾವ ಬದಿಯಲ್ಲಿದೆ ಎಂದು ನೋಡುವುದನ್ನು ಮರೆಯಬಾರದು. ಗೊತ್ತಾದ ಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹೊರಗೆ ತಿರುಗಿಸುತ್ತ ಹೋದೆ, ನಾಲ್ಕು ಸುತ್ತು. ಬೈಕು ಆಫ್ ಆಗುವುದು ನಿಂತಿತು. ಸಿಕ್ಕಸಿಕ್ಕ ಅಂಗಡಿಯಲ್ಲಿ ಜಂಬ ಕೊಚ್ಚಿಕೊಂಡೂ ಆಯಿತು.

ಹದಿನೈದು ದಿನದಲ್ಲಿ ಲೀಟರಿಗೆ 45 ಕೊಡುತ್ತಿದ್ದ ಬೈಕು 34ಕ್ಕೆ ಇಳಿಯಿತು. ಪ್ಲಗ್ ಬಿಚ್ಚಿದರೆ ಕಾಡಿಗೆ ಬಳಿದಂತೆ ಕಪ್ಪು. ಅದು ಕಾಫಿಪುಡಿಯ ಬಣ್ಣಕ್ಕಿರಬೇಕು. ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಅಷ್ಟರಲ್ಲಿ ಹೊಗೆ ತಪಾಸಣೆಯ ಚೀಟಿಯ ಅವಧಿಯೂ ಮುಗಿದಿತ್ತು. ಮೊದಲು ಹೋದ ಕೇಂದ್ರದಲ್ಲಿ ನಂಬರ್ ಪ್ಲೇಟಿನ ಫೋಟೊ ಹೊಡೆದು, ಸೈಲೆನ್ಸರಿಗೆ ಪೈಪನ್ನೇ ಹಾಕದೆ ಚೀಟಿ ಕೊಡಲು ಹೊರಟರು. ನಿಜ ಹೇಳುತ್ತೇನೆ, ಒಂದು ಕ್ಷಣ ಆಸೆಯಾಯಿತು. ಆಮೇಲೆ ಬೇಡವೆಂದು ಇನ್ನೊಂದು ಕಡೆಗೆ ಹೋದೆ. ಅಲ್ಲಿ ಪೈಪು ಹಾಕಿದರು. ಕಾರ್ಬನ್ ಮೊನಾಕ್ಸೈಡ್ ಶೇ. 5.1. ನನ್ನ ಬೈಕಿಗೆ, ಅಂದರೆ 2000ದ ಮಾರ್ಚ್ ನಂತರ ತಯಾರಾದ ಆ ಕಾಲದ ನಾಲ್ಕು ಸ್ಟ್ರೋಕಿನ ಬೈಕಿಗೆ, ಇರುವ ಮಿತಿ 3.5. ಫೇಲ್.

ಅದೇ ರಾತ್ರಿ ನಮ್ಮ ಹಳೆಯ ಮೇಸ್ತ್ರಿಗೆ ಫೋನ್ ಮಾಡಿದೆ. ಈಗ ಗ್ಯಾರೇಜ್ ಮುಚ್ಚಿ ಮಗಳ ಮನೆಯಲ್ಲಿದ್ದಾರೆ. ತುಳುವಿನಲ್ಲಿ ಚೆನ್ನಾಗಿ ಬೈದರು. ಸ್ಕ್ರೂ ಮುಟ್ಟುವುದು ಕೊನೆಗೆ, ಮೊದಲು ಗಾಳಿ ಎಲ್ಲಿಂದ ಕಳ್ಳದಾರಿ ಹಿಡಿದಿದೆ ನೋಡು ಎಂಬುದು ಬೈಗುಳದ ಸಾರ. ಮರುದಿನ ಬೈಕು ಸ್ಟಾರ್ಟ್ ಮಾಡಿಟ್ಟು, ಕಾರ್ಬ್ಯುರೇಟರಿಗೂ ಎಂಜಿನಿಗೂ ನಡುವಿನ ರಬ್ಬರ್ ಮೂತಿಯ ಮೇಲೆ ಅವರು ಹೇಳಿದಂತೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದೆ. ಅಡಿಭಾಗಕ್ಕೆ ನೀರು ಬಿದ್ದ ಕೂಡಲೇ ಎಂಜಿನ್ ಮುಗ್ಗರಿಸಿತು. ಬಿಚ್ಚಿ ಬಗ್ಗಿಸಿದೆ: ಉಗುರಿನಷ್ಟು ಉದ್ದದ ಬಿರುಕು. ಆರಾಮಾಗಿ ಇಟ್ಟರೆ ಮುಚ್ಚಿಕೊಳ್ಳುತ್ತದೆ, ಬಗ್ಗಿಸಿದರೆ ಬಾಯಿ ಬಿಡುತ್ತದೆ. ಎಥೆನಾಲಿನ ಮೇಲೆ ಹಾಕಿದ ಅಪವಾದದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಿರುಕಿನದ್ದು. ಅಲ್ಲಿಂದ ನುಗ್ಗುವ ಗಾಳಿಗೆ ಸರಿಯಾಗಿ ನಾನು ಪೆಟ್ರೋಲ್ ಸುರಿಯುತ್ತಿದ್ದೆ, ಅದೂ ಅಂದಾಜಿನಲ್ಲಿ.

ರಬ್ಬರಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಬಿಚ್ಚಿದ್ದು ಹೇಗೂ ಬಿಚ್ಚಿದ್ದೇನೆ ಎಂದು ಕಾರ್ಬ್ಯುರೇಟರನ್ನೂ ತೊಳೆದೆ. ಕೆಳಗಿನ ಬಟ್ಟಲಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಬೇರೆಯೇ ಒಂದು ಪದರ, ಅಕ್ಕಿ ತೊಳೆದ ನೀರಿನ ಹಾಗೆ. ಎಥೆನಾಲಿಗೆ ನೀರೆಂದರೆ ಪ್ರೀತಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಬರಗಾಲವೂ ಇಲ್ಲ. ವಾರಗಟ್ಟಲೆ ಬೈಕು ನಿಲ್ಲಿಸುವವರು ಈ ಬಟ್ಟಲನ್ನು ಖಾಲಿ ಮಾಡಿಡುವುದು ಒಳ್ಳೆಯದು. ಆಯ್ಡಲಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್ ಕೂಡ ಇಲ್ಲ. ಕ್ಲಚ್ ಕೇಬಲಿನ ಎಳೆ ಹಾಕಿ ಕೆರೆಯುವವರನ್ನು ಕಂಡಿದ್ದೇನೆ. ಹಿತ್ತಾಳೆಯ ತೂತು ಒಮ್ಮೆ ಅಗಲವಾದರೆ ಮುಗಿಯಿತು, ಆಮೇಲೆ ಯಾವ ಸ್ಕ್ರೂವೂ ಅದನ್ನು ಸರಿಮಾಡದು. ನಾನು ಬಂದರಿನಲ್ಲಿ ಕೇಳಿ ತಂದ ಸಪೂರ ತಂಗೂಸಿ ದಾರ ಹಾಕಿದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಕಾರ್ಬ್ಯುರೇಟರಿನ ಮೇಲಿನ ಡಯಾಫ್ರಾಮನ್ನು (ತೆಳು ರಬ್ಬರ್ ಪೊರೆ) ಬಿಸಿಲಿಗೆ ಹಿಡಿದು ಸೂಜಿಮೊನೆಯಷ್ಟಾದರೂ ಬೆಳಕು ತೂರುತ್ತದೆಯೇ ನೋಡಿದೆ, ಇರಲಿಲ್ಲ. ಇದೆಲ್ಲ ತೆರೆದ ಅಂಗಳದಲ್ಲಿ, ಎಂಜಿನ್ ತಣ್ಣಗಿರುವಾಗ, ಪೆಟ್ರೋಲ್ ಕಾಕ್ ಬಂದ್ ಮಾಡಿ. ಆ ಹೊತ್ತಿಗೇ ಬೀಡಿ ಹಚ್ಚಿಕೊಂಡು ನೋಡಲು ಬಂದ ನೆರೆಮನೆಯವರನ್ನು ಗೇಟಿನಲ್ಲೇ ತಡೆದದ್ದಕ್ಕೆ ಅವರಿಗೆ ಇನ್ನೂ ಬೇಸರವಿದೆ.

ಮತ್ತೆ ಆ ಎರಡನೆಯ ಕೇಂದ್ರಕ್ಕೆ ಹೋದೆ. ಮಧ್ಯಾಹ್ನ, ಸಾಲು ಇರಲಿಲ್ಲ. ಅಲ್ಲಿದ್ದ ಹುಡುಗಿಯ ಹತ್ತಿರ, "ಚೀಟಿ ಆಮೇಲೆ ಕೊಡಿ, ಮೊದಲು ಪೈಪು ಹಾಕಿ ಹತ್ತು ನಿಮಿಷ ಬಿಡ್ತೀರಾ?" ಎಂದು ಕೇಳಿದೆ. "ಎಂತಕ್ಕೆ ಅಂಕಲ್?" ಎಂದಳು. ಹೇಳಿದೆ. ನಕ್ಕು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಉದ್ಯಾವರದಿಂದ ಓಡಿಸಿಕೊಂಡು ಬಂದ ಎಂಜಿನ್ ಬಿಸಿಯಾಗಿಯೇ ಇತ್ತು. ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ (ಬಿಗಿದರೆ ಅದರ ಮೊನೆ ಹಾಳು) ಅಲ್ಲಿಂದ ಮೂರು ಸುತ್ತು ಹೊರಗೆ ತಂದಿಟ್ಟು ಸ್ಟಾರ್ಟ್ ಮಾಡಿದೆ. ಪರದೆಯಲ್ಲಿ ಕಾರ್ಬನ್ ಮೊನಾಕ್ಸೈಡ್ 4.2. ಕಾಲು ಸುತ್ತು ಒಳಗೆ, 3.4. ಪೈಪಿನಲ್ಲಿ ಹೊಗೆ ಹೋಗಿ ಅಂಕಿ ಬದಲಾಗಲು ಸ್ವಲ್ಪ ಹೊತ್ತು ಬೇಕು, ಕಾಯಬೇಕು. ಇನ್ನೊಂದು ಕಾಲು, 2.5. ಇನ್ನೊಂದು, 1.7, ಆರ್‌ಪಿಎಂ ಮುಳ್ಳು ತಾನಾಗಿ ಮೇಲೇರಿತು. ಅದನ್ನು ಆಯ್ಡಲ್ ಸ್ಕ್ರೂವಿನಿಂದ 1400ಕ್ಕೆ ಇಳಿಸಿದೆ. ದುರಾಸೆಗೆ ಬಿದ್ದು ಮತ್ತೆ ಕಾಲು ಸುತ್ತು ಒಳಗೆ ಒಯ್ದೆ. 0.8! ಆದರೆ ಪಕ್ಕದ ಸಾಲಿನಲ್ಲಿ ಹೈಡ್ರೋಕಾರ್ಬನ್ (ಉರಿಯದ ಪೆಟ್ರೋಲ್) ಅಂಕಿ ಸರ್ರನೆ ಮೇಲೆ ಹೋಯಿತು, ಎಂಜಿನ್ ಮಿಸ್ಸಿಂಗ್ ಹೊಡೆಯಿತು. ಪೆಟ್ರೋಲ್ ತೀರ ಕಡಿಮೆಯಾಗಿ, ಇದ್ದದ್ದೂ ಉರಿಯದೆ ಹೊರಗೆ ಬೀಳುತ್ತಿತ್ತು. ವಾಪಸು ಬಂದೆ. ಎರಡೂಕಾಲು ಸುತ್ತು. ಪಿಗ್ಮಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇಪ್ಪತ್ತು ವರ್ಷ ಕಿವಿಯನ್ನು ನಂಬಿ ಮಾಡಿದ ಕೆಲಸ ನನಗೆ ಕಣ್ಣಿಗೆ ಕಂಡದ್ದು ಆ ಹತ್ತು ನಿಮಿಷದಲ್ಲಿ. ಆ ಯಂತ್ರ ಪ್ರತಿ ಕೇಂದ್ರದಲ್ಲೂ ಉಂಟು. ಅದನ್ನು ನಾವು ಚೀಟಿ ಮುದ್ರಿಸಲಿಕ್ಕೆ ಮಾತ್ರ ಬಳಸುತ್ತಿದ್ದೇವೆ. ಪಾಸಾದರೆ ಚೀಟಿ, ಫೇಲಾದರೆ "ಕ್ಲೀನ್ ಮಾಡಿಸಿಕೊಂಡು ಬನ್ನಿ". ಎಲ್ಲಿ, ಯಾರ ಹತ್ತಿರ? ಮೇಸ್ತ್ರಿಗಳು ಅಂಗಡಿ ಮುಚ್ಚಿದ್ದಾರೆ, ಸರ್ವಿಸ್ ಸೆಂಟರಿನ ಹುಡುಗರಿಗೆ ಸ್ಕ್ಯಾನರ್ ಬೇಕು. ಹೀಗಿರುವಾಗ ಪೈಪು ಹಾಕದೆ ಚೀಟಿ ಕೊಡುವವನ ಬಾಗಿಲಿಗೆ ಜನ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ?

ಸಾರಿಗೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಕಾರ್ಬ್ಯುರೇಟರ್ ಬೈಕಿನ ಮಾಲಕರು ಕೇಳಿದರೆ ಪರೀಕ್ಷೆಗೆ ಮೊದಲು ಪೈಪು ಹಾಕಿ ಹತ್ತು ನಿಮಿಷ ಪರದೆ ತೋರಿಸುವಂತೆ ಕೇಂದ್ರಗಳಿಗೆ ಸೂಚನೆ ಕೊಡಿ. ಅದಕ್ಕೆ ಪ್ರತ್ಯೇಕ ಶುಲ್ಕ ಇಟ್ಟರೂ ಕೊಡುತ್ತೇವೆ. ಲೀಟರಿಗೆ ಹತ್ತು ಕಿಲೋಮೀಟರ್ ವಾಪಸು ಬಂದರೆ ಅದು ವಾರದಲ್ಲಿ ಹುಟ್ಟುತ್ತದೆ. ಬಂಕಿನವರು ಎಥೆನಾಲ್ ಎಷ್ಟು ಶೇಕಡಾ ಎಂಬುದನ್ನು ಕಣ್ಣಿಗೆ ಬೀಳುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಹಾಕಿದರೆ ಇನ್ನೂ ಉಪಕಾರ.

ಇಂಜೆಕ್ಷನ್ ಇರುವ ಬಿಎಸ್6 ಬೈಕಿನವರು ದಯವಿಟ್ಟು ಈ ಪತ್ರ ಓದಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ನಿಮ್ಮದರಲ್ಲಿ ತಿರುಗಿಸಲು ಅಂಥದ್ದು ಏನೂ ಇಲ್ಲ.

ನನ್ನ ಹೊಸ ಚೀಟಿಯ ಅವಧಿ ಆರು ತಿಂಗಳು. ಮಳೆ ಪೂರ್ತಿ ಕಳೆದ ಮೇಲೆ ಮತ್ತೆ ಅದೇ ಹುಡುಗಿಯ ಹತ್ತಿರ ಹೋಗುತ್ತೇನೆ. ಸಂಪಾದಕರು ಜಾಗ ಕೊಟ್ಟರೆ ಅಂಕಿ ಎಷ್ಟು ಬಂತೆಂದು ಬರೆಯುತ್ತೇನೆ, 3.5 ದಾಟಿದ್ದರೂ.

– ಒಬ್ಬ ಪಿಗ್ಮಿ ಸಂಗ್ರಾಹಕ, ಉದ್ಯಾವರ, ಉಡುಪಿ