ಮಗಳಿಗೊಂದು ಪತ್ರ: ಸೇಫ್ಟಿ ಆಟಗಾರನನ್ನು ಅಳೆಯುವ ಬಗೆ

ಇಂಡಿಯಾನಾಪೊಲಿಸ್

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ವರದಿಯನ್ನು ಎರಡು ಸಲ ಓದಿದೆ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಟಗಾರರನ್ನು ಅಳೆಯುವ ಸ್ಕೌಟಿಂಗ್ ವಿಭಾಗಕ್ಕೆ ವಿದ್ಯಾರ್ಥಿ ಸಹಾಯಕಿಯಾಗಿ ಸೇರಿದ ಮೇಲೆ ನಿನಗೆ ಒಪ್ಪಿಸಿದ ಮೊದಲ ದೊಡ್ಡ ಕೆಲಸ ಇದು. ನೋಟರ್ ಡೇಮ್ ವಿಶ್ವವಿದ್ಯಾಲಯದ ಸೇಫ್ಟಿ (ಹಿಂದೆ ನಿಲ್ಲುವ ರಕ್ಷಣಾ ಆಟಗಾರ) ಕೈಲ್ ಹ್ಯಾಮಿಲ್ಟನ್‌ನ ಹಳೆಯ ಪಂದ್ಯಗಳನ್ನು ನೋಡಿ, ಮುಂದೆ ಏನಾಯಿತೆಂಬುದನ್ನು ಬದಿಗಿಟ್ಟು, 2022ರ ಏಪ್ರಿಲ್ ತಿಂಗಳಲ್ಲಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮೊದಲು ಕುಳಿತು ಬರೆಯುತ್ತಿರುವಂತೆ ಅವನ ಮೌಲ್ಯಮಾಪನ ಮಾಡಬೇಕೆಂದು ನಿಮ್ಮ ಮೇಲಿನವರು ಹೇಳಿರುವುದು ಒಳ್ಳೆಯ ಅಭ್ಯಾಸ. ನಿನ್ನ ಬರವಣಿಗೆ ಅಚ್ಚುಕಟ್ಟಾಗಿದೆ, ನೋಡಿದ್ದನ್ನು ಕ್ರಮವಾಗಿ ದಾಖಲಿಸಿದ್ದೀಯೆ. ಆದರೆ ಮೊದಲ ಸಾಲಿನಲ್ಲೇ ಅವನು 40 ಗಜಗಳನ್ನು 4.59 ಸೆಕೆಂಡಿನಲ್ಲಿ ಓಡಿದನೆಂದು ಬರೆದು, ಎರಡನೆಯ ಸಾಲಿನಲ್ಲಿ ‘ಆಳದ ವಲಯವನ್ನು ಕಾಯಲು ಈ ವೇಗ ಸಾಲದು’ ಎಂದು ತೀರ್ಮಾನಿಸಿದ್ದನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ಫೋನಿನಲ್ಲಿ ಆತುರವಾಗಿ ಹೇಳುವುದಕ್ಕಿಂತ ಬರೆದು ತಿಳಿಸುವುದು ಮೇಲೆನಿಸಿತು.

ಹೋದ ವಾರ ಧಾರವಾಡದಿಂದ ಫೋನ್ ಮಾಡಿದ್ದ ನಿನ್ನ ಅಜ್ಜ, ಮೊಮ್ಮಗಳು ಅಳೆಯುತ್ತಿರುವ ಈ ಆಟಗಾರನ ಕೆಲಸವಾದರೂ ಏನು ಎಂದು ಕೇಳಿದರು. ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಇಡೀ ಆಟವನ್ನು ಕಣ್ಣೆದುರಿಗಿಟ್ಟುಕೊಳ್ಳುವವನು, ಚೆಂಡನ್ನು ದೂರಕ್ಕೆ ಎಸೆದರೆ ಅದು ಬೀಳುವ ಕಡೆ ಓಡಬೇಕಾದವನು, ಎದುರಾಳಿ ಚೆಂಡನ್ನು ಹಿಡಿದು ನುಗ್ಗಿ ಬಂದರೆ ಮುಂದೆ ಹೋಗಿ ಕೆಡವಬೇಕಾದವನು, ಇವನನ್ನೂ ದಾಟಿದರೆ ಅಡ್ಡ ನಿಲ್ಲಲು ಮತ್ತೊಬ್ಬನಿಲ್ಲ ಎಂದು ವಿವರಿಸಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅಂವ ಮೊದಲ ತಿಳ್ಕೋಬೇಕು, ಆಮ್ಯಾಲೆ ಓಡಬೇಕು’ ಎಂದರು. ಈ ಆಟವನ್ನು ಒಮ್ಮೆಯೂ ನೋಡದ ಅವರು ಹೇಳಿದ ಆ ಕ್ರಮದಲ್ಲೇ ನಿನ್ನ ವರದಿಯೂ ಸಾಗಬೇಕೆಂಬುದು ನನ್ನ ಅಭಿಪ್ರಾಯ.

40 ಗಜದ ಓಟ ಏನನ್ನು ಅಳೆಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡು. ಈ ಆಟಗಾರರು ಪೂರ್ಣ ವೇಗದಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು ಒಂಬತ್ತು ಹತ್ತು ಗಜ ಸಾಗುತ್ತಾರೆ. ಹಾಗಾಗಿ 4.59ಕ್ಕೂ 4.49ಕ್ಕೂ ಇರುವ ವ್ಯತ್ಯಾಸ ಓಟದ ಕೊನೆಯಲ್ಲಿ ಹೆಚ್ಚೆಂದರೆ ಒಂದು ಗಜ. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಭುಜ ಯಾವ ಕಡೆ ತಿರುಗಿತೆಂಬುದನ್ನು ಗುರುತಿಸಿ ಅರ್ಧ ಸೆಕೆಂಡು ಮೊದಲೇ ಹೊರಟವನು ಅದೇ ಓಟದಲ್ಲಿ ನಾಲ್ಕು ಗಜಕ್ಕಿಂತ ಹೆಚ್ಚು ಗಳಿಸುತ್ತಾನೆ. ಇದು ವೇಗ ಬೇಡವೆನ್ನುವ ಮಾತಲ್ಲ. ತಡವಾಗಿ ಹೊರಟವನಿಗೆ ವೇಗವೇ ಆಸರೆ, ಮತ್ತು ಎಲ್ಲರೂ ಒಮ್ಮೆಯಾದರೂ ತಡವಾಗಿ ಹೊರಡುತ್ತಾರೆ. ಆದರೆ ಸೇಫ್ಟಿಯ ಬಗ್ಗೆ ಬರೆಯುವಾಗ ಅವನು ಯಾವಾಗ ಹೊರಟನೆಂಬುದನ್ನು ಹೇಳದೆ ಎಷ್ಟು ಬೇಗ ಓಡಿದನೆಂದು ಮಾತ್ರ ಹೇಳಿದರೆ, ಅವನ ಕೆಲಸದ ದೊಡ್ಡ ಪಾಲನ್ನೇ ಬಿಟ್ಟಂತಾಗುತ್ತದೆ.

2021ರ ಸೆಪ್ಟೆಂಬರ್ 5ರಂದು ಟ್ಯಾಲಹಾಸಿಯಲ್ಲಿ ಫ್ಲೋರಿಡಾ ಸ್ಟೇಟ್ ವಿರುದ್ಧ ನಡೆದ ಪಂದ್ಯವನ್ನು ಮತ್ತೊಮ್ಮೆ ಹಾಕಿ ನೋಡು. ನೋಟರ್ ಡೇಮ್ ಹೆಚ್ಚುವರಿ ಅವಧಿಯಲ್ಲಿ 41-38ರಿಂದ ಗೆದ್ದ ಆ ಪಂದ್ಯದಲ್ಲಿ ಹ್ಯಾಮಿಲ್ಟನ್ ಎರಡು ಇಂಟರ್‌ಸೆಪ್ಷನ್ ಮಾಡಿದ, ಅಂದರೆ ಎದುರಾಳಿ ಎಸೆದ ಚೆಂಡನ್ನು ತಾನೇ ಹಿಡಿದುಕೊಂಡ. ಅದರಲ್ಲಿ ಒಂದರಲ್ಲಿ ಅವನು ಮೈದಾನದ ಆಚೆ ಬದಿಯಿಂದ ಅಡ್ಡಲಾಗಿ ಓಡಿಬಂದು ಈಚೆ ಬದಿಯ ಗೆರೆಯ ಬಳಿ ಚೆಂಡನ್ನು ಹಿಡಿಯುತ್ತಾನೆ. ಅದರ ಬಗ್ಗೆ ನಿನ್ನ ವರದಿಯಲ್ಲಿರುವುದು ‘ಅದ್ಭುತ ಆಟ’ ಎಂಬ ಎರಡೇ ಪದ. ಹಿಡಿದದ್ದನ್ನು ಎಲ್ಲರೂ ನೋಡಿದ್ದಾರೆ. ಸ್ನ್ಯಾಪ್ ಆದಾಗ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡಿದಾಗ) ಅವನು ಎಲ್ಲಿದ್ದ, ಅವನ ಮೊದಲ ಹೆಜ್ಜೆ ಯಾವ ದಿಕ್ಕಿಗಿತ್ತು, ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಬಿಡುವ ಮೊದಲು ಅವನ ಸೊಂಟ ತಿರುಗಿತ್ತೋ ಅಥವಾ ಬಿಟ್ಟ ಮೇಲೆ ತಿರುಗಿತೋ, ಇವನ್ನು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಬರೆ. 4.59 ಓಡುವ ಒಬ್ಬ ಯುವಕ ಅಷ್ಟು ದೂರವನ್ನು ಹೇಗೆ ಕ್ರಮಿಸಿದನೆಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇದಕ್ಕೆ ಟಿವಿಯ ಪ್ರಸಾರ ಸಾಲದು. ಅಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುವುದರಿಂದ, ಸ್ನ್ಯಾಪ್ ಆಗುವ ಹೊತ್ತಿಗೆ ಹದಿನೈದು ಗಜ ಹಿಂದೆ ನಿಂತ ಸೇಫ್ಟಿ ಅನೇಕ ಬಾರಿ ಪರದೆಯ ಹೊರಗೇ ಉಳಿದು, ಚೆಂಡು ಬಂದಾಗ ಮಾತ್ರ ಎಲ್ಲಿಂದಲೋ ಪ್ರತ್ಯಕ್ಷನಾದಂತೆ ಕಾಣುತ್ತಾನೆ. ಇಪ್ಪತ್ತೆರಡು ಆಟಗಾರರೂ ಮೊದಲಿನಿಂದ ಕೊನೆಯವರೆಗೆ ಕಾಣುವ, ಮೇಲಿನಿಂದ ತೆಗೆದ ತರಬೇತುದಾರರ ಚಿತ್ರಣ ನಿಮ್ಮ ವಿಭಾಗದಲ್ಲಿ ಸಿಗುತ್ತದೆ. ನನ್ನಂಥ ಪ್ರೇಕ್ಷಕಿಗೆ ಸಿಗದ ಆ ಸೌಲಭ್ಯವನ್ನು ಪೂರ್ತಿಯಾಗಿ ಬಳಸಿಕೋ. ಚೆಂಡು ಅವನ ಕಡೆ ಬಾರದ ಆಟಗಳನ್ನೂ (ಸ್ನ್ಯಾಪ್‌ನಿಂದ ಚೆಂಡು ನಿಲ್ಲುವವರೆಗಿನ ಒಂದೊಂದು ಸರದಿಯನ್ನೂ) ನೋಡು. ಒಂದು ಪಂದ್ಯದ ಅರವತ್ತು ಎಪ್ಪತ್ತು ಆಟಗಳಲ್ಲಿ ಸೇಫ್ಟಿಯ ಹೆಸರು ಕೇಳುವುದು ಹತ್ತಿಪ್ಪತ್ತರಲ್ಲಿ. ಉಳಿದವುಗಳಲ್ಲಿ ಅವನು ಸರಿಯಾದ ಜಾಗದಲ್ಲಿದ್ದ ಕಾರಣಕ್ಕೇ ಕ್ವಾರ್ಟರ್‌ಬ್ಯಾಕ್ ಆ ಕಡೆ ಎಸೆಯದೆ ಹೋಗಿರಬಹುದು. ಇಂಟರ್‌ಸೆಪ್ಷನ್‌ಗಳ ಎಣಿಕೆಯನ್ನು ಅತಿಯಾಗಿ ನಂಬಬಾರದೆನ್ನುವುದಕ್ಕೂ ಇದೇ ಕಾರಣ. ನೋಟರ್ ಡೇಮ್‌ನ ಮೂರು ವರ್ಷಗಳಲ್ಲಿ ಹ್ಯಾಮಿಲ್ಟನ್ ಮಾಡಿದ್ದು ಎಂಟು. ಆ ಸಂಖ್ಯೆಯನ್ನು ವರದಿಯಲ್ಲಿ ಬರೆ, ಆದರೆ ಅದರ ಮೇಲೆ ತೀರ್ಪನ್ನು ನಿಲ್ಲಿಸಬೇಡ.

ಕಾಲೇಜು ಮೈದಾನಕ್ಕೂ ವೃತ್ತಿಪರ ಮೈದಾನಕ್ಕೂ ಇರುವ ಒಂದು ವ್ಯತ್ಯಾಸ ನಿನ್ನ ವರದಿಯಲ್ಲಿ ಎಲ್ಲೂ ಬಂದಿಲ್ಲ. ಎರಡರ ಅಗಲವೂ 160 ಅಡಿ. ಆದರೆ ಆಟ ಶುರುವಾಗುವ ಜಾಗವನ್ನು ಗೊತ್ತುಮಾಡುವ ಹ್ಯಾಶ್ ಗೆರೆಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಚೆಂಡು ಕಾಲೇಜಿನ ಎಡ ಹ್ಯಾಶ್ ಮೇಲಿದ್ದರೆ ಬಲಗಡೆ 100 ಅಡಿ ಬಯಲು ತೆರೆದಿರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅದು 90 ಅಡಿಗೂ ಸ್ವಲ್ಪ ಕಡಿಮೆ. ಅಗಲವಾದ ಬದಿಯಲ್ಲಿ ನಿಂತ ಕಾಲೇಜು ಸೇಫ್ಟಿ ಅಡ್ಡಲಾಗಿ ಕ್ರಮಿಸಬೇಕಾದ ದೂರ ಹೆಚ್ಚು, ಕಿರಿದಾದ ಬದಿಯವನದು ಕಡಿಮೆ. ವೃತ್ತಿಪರ ಮೈದಾನದಲ್ಲಿ ಚೆಂಡು ಬಹುಪಾಲು ನಡುವಿಗೇ ಹತ್ತಿರವಿರುವುದರಿಂದ ಎರಡು ಬದಿಗಳೂ ಹೆಚ್ಚುಕಡಿಮೆ ಸಮವಾಗಿ, ದಾಳಿ ಯಾವ ಕಡೆ ಬೇಕಾದರೂ ತಿರುಗಬಹುದು; ಅಲ್ಲಿ ಸೇಫ್ಟಿ ಓಡಬೇಕಾದ ದೂರ ಕಡಿಮೆಯಾದರೂ ಊಹಿಸಬೇಕಾದ ಸಾಧ್ಯತೆಗಳು ಹೆಚ್ಚು. ಹಾಗಾಗಿ ಪ್ರತಿ ಆಟದ ಟಿಪ್ಪಣಿಯಲ್ಲೂ ಅವನು ಯಾವ ಬದಿಯಲ್ಲಿ, ಎಷ್ಟು ಆಳದಲ್ಲಿ ನಿಂತಿದ್ದನೆಂಬುದನ್ನು ಮೊದಲು ಬರೆದುಕೋ. ಹಿಂದೆ ಒಬ್ಬನೇ ನಿಂತಾಗಿನ ಆಟವನ್ನೂ ಇಬ್ಬರು ನಿಂತಾಗಿನ ಆಟವನ್ನೂ ಬೇರೆ ಬೇರೆಯಾಗಿ ಇಡು, ಏಕೆಂದರೆ ಅವು ಎರಡು ಬೇರೆ ಕೆಲಸಗಳು.

ಇನ್ನು ದೇಹದ ಮಾತು. ಫಿಸಿಯೋಥೆರಪಿಸ್ಟ್ ಆಗಿ ನನ್ನ ಕಣ್ಣು ಮೊದಲು ಹೋಗುವುದು ಸೊಂಟಕ್ಕೆ ಮತ್ತು ಪಾದಗಳಿಗೆ. 6 ಅಡಿ 4 ಇಂಚು ಎತ್ತರ, 220 ಪೌಂಡ್ ತೂಕ, 38 ಇಂಚಿನ ಲಂಬ ಜಿಗಿತ ಸೇಫ್ಟಿಗಳಲ್ಲಿ ಅಪರೂಪ. ಆ ಎತ್ತರದಿಂದಲೇ ಟೈಟ್ ಎಂಡ್‌ಗಳಿಗೆ (ಚೆಂಡು ಹಿಡಿಯುವ ದೊಡ್ಡ ಮೈಕಟ್ಟಿನ ಆಟಗಾರರಿಗೆ) ಎಸೆದ ಚೆಂಡನ್ನು ಅವನು ತಡೆಯಬಲ್ಲ. ಆದರೆ ಉದ್ದ ಕಾಲಿನವರಿಗೆ ಹಿಮ್ಮುಖವಾಗಿ ಓಡುತ್ತಿದ್ದು ತಟ್ಟನೆ ತಿರುಗಬೇಕಾದಾಗ ದೇಹವನ್ನು ತಗ್ಗಿಸಲು, ಹೆಜ್ಜೆಯನ್ನು ಮುರಿಯಲು ಹೆಚ್ಚು ಸಮಯ ಬೇಕಾಗುತ್ತದೆ. ಸ್ಲಾಟ್‌ನಲ್ಲಿ, ಅಂದರೆ ಮುಂದಿನ ಸಾಲಿಗೂ ಅಂಚಿನ ಆಟಗಾರನಿಗೂ ನಡುವಿನ ಜಾಗದಲ್ಲಿ ನಿಲ್ಲುವ ಗಿಡ್ಡ, ಚುರುಕು ರಿಸೀವರ್ (ಎಸೆದ ಚೆಂಡನ್ನು ಹಿಡಿಯುವವನು) ಒಳಗೆ ಹೋಗುವಂತೆ ತೋರಿಸಿ ಹೊರಗೆ ತಿರುಗಿದಾಗ ಹ್ಯಾಮಿಲ್ಟನ್ ಎಷ್ಟು ಹೆಜ್ಜೆಗಳಲ್ಲಿ ಚೇತರಿಸಿಕೊಳ್ಳುತ್ತಾನೆ? ನಿನಗೆ ವೇಗದ ಬಗ್ಗೆ ನಿಜವಾದ ಅನುಮಾನವಿದ್ದರೆ ಅದನ್ನು ಪರೀಕ್ಷಿಸಬೇಕಾದ ಜಾಗ ಇದು. ನೇರ ಓಟದ ಗಡಿಯಾರ ಇದಕ್ಕೆ ಉತ್ತರ ಕೊಡುವುದಿಲ್ಲ. ಇಲ್ಲಿ ನೀನು ಅವನ ಮೇಲೆ ಕಠಿಣವಾಗಿಯೇ ಬರೆಯಬಹುದು, ಕಠಿಣವಾದ ಪ್ರತಿ ವಾಕ್ಯಕ್ಕೂ ಒಂದು ಆಟದ ಸಾಕ್ಷಿ ಇರಬೇಕು, ಅಷ್ಟೇ.

ಟ್ಯಾಕಲ್‌ಗಳ, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದರ ವಿಷಯದಲ್ಲೂ ಇದೇ ಶಿಸ್ತು ಬೇಕು. ‘ಕೆಲವು ಟ್ಯಾಕಲ್‌ಗಳಲ್ಲಿ ಎಡವಿದ’ ಎಂದು ಬರೆದರೆ ಓದುವ ತರಬೇತುದಾರನಿಗೆ ಪ್ರಯೋಜನವಿಲ್ಲ. ಓಡಿ ಬಂದ ಕೋನ ತಪ್ಪಿತೋ, ಹತ್ತಿರ ಬಂದು ಪಾದ ನಿಂತುಹೋಯಿತೋ, ತಲೆ ತಗ್ಗಿಸಿ ಎದುರಾಳಿಯನ್ನು ನೋಡುವುದನ್ನೇ ಬಿಟ್ಟನೋ ಎಂಬುದು ಬೇಕು. ಮೊದಲ ಎರಡನ್ನು ಅಭ್ಯಾಸದಿಂದ ತಿದ್ದಬಹುದು. ಮೂರನೆಯದನ್ನು ನೋಡಿದರೆ ತಾಯಿಯಾಗಿ ನನಗೆ ಭಯವಾಗುತ್ತದೆ. ಕುತ್ತಿಗೆಯ ಗಾಯಗಳು ಬರುವುದು ಹಾಗೆಯೇ.

ಮೊಣಕಾಲಿನ ಬಗ್ಗೆ ನೀನು ಬರೆದ ಪ್ಯಾರಾವನ್ನು ದಯವಿಟ್ಟು ತೆಗೆದುಹಾಕು. 2021ರ ಅಕ್ಟೋಬರ್ 23ರಂದು ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ವಿರುದ್ಧದ ಪಂದ್ಯದಲ್ಲಿ ಅವನ ಬಲ ಮೊಣಕಾಲಿಗೆ ಪೆಟ್ಟಾಯಿತು, ಆ ಋತುವಿನ ಉಳಿದ ಪಂದ್ಯಗಳನ್ನು ಆಡಲಿಲ್ಲ, ಆಡಿದ್ದು ಏಳು ಮಾತ್ರ ಎಂಬಷ್ಟನ್ನು ಬರೆದರೆ ಸಾಕು. ಗಾಯ ಮುಂದೆ ಕಾಡಬಹುದೋ ಇಲ್ಲವೋ ಎಂದು ವಿಡಿಯೊ ನೋಡಿ ಹೇಳುವುದು ನನ್ನ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೂ ನನ್ನಿಂದಾಗದು. ನಮ್ಮ ಊರಿನಲ್ಲಿ 1987ರಿಂದ ನಡೆಯುತ್ತಿರುವ, ಡ್ರಾಫ್ಟ್‌ಗೆ ಮೊದಲಿನ ಪರೀಕ್ಷಾ ಶಿಬಿರವಾದ ಕಂಬೈನ್‌ನಲ್ಲಿ ಟಿವಿಗೆ ಕಾಣುವುದು ಓಟ ಮತ್ತು ಜಿಗಿತಗಳಾದರೂ, ಅದು ಹುಟ್ಟಿಕೊಂಡದ್ದೇ ಎಲ್ಲ ತಂಡಗಳ ವೈದ್ಯರು ಆಟಗಾರರನ್ನು ಒಂದೇ ಕಡೆ ಪರೀಕ್ಷಿಸಲು ಅನುಕೂಲವಾಗಲೆಂದು. ಆ ಕೆಲಸವನ್ನು ಅವರಿಗೇ ಬಿಡು.

ಒಬ್ಬ ಆಟಗಾರನ ಕಥೆಯಿಂದ ನಿಯಮ ಮಾಡಬಾರದೆಂದು ನೀನು ವಾದಿಸಬಹುದು, ಅದು ಸರಿಯೇ. ಹ್ಯಾಮಿಲ್ಟನ್ ಆಯ್ಕೆಯಾದ 2022ರ ಡ್ರಾಫ್ಟ್‌ನಲ್ಲೇ ಇನ್ನಿಬ್ಬರು ಸೇಫ್ಟಿಗಳು, 4.38 ಓಡಿದ ಮಿಷಿಗನ್‌ನ ಡ್ಯಾಕ್ಸ್ ಹಿಲ್ 31ನೆಯವನಾಗಿ, 4.37 ಓಡಿದ ಜಾರ್ಜಿಯಾದ ಲೂಯಿಸ್ ಸೀನ್ 32ನೆಯವನಾಗಿ ಆಯ್ಕೆಯಾದರು. ಸೀನ್‌ಗೆ ಮೊದಲ ವರ್ಷದಲ್ಲೇ ಲಂಡನ್ನಿನ ಪಂದ್ಯವೊಂದರಲ್ಲಿ ಕಾಲು ಮುರಿಯಿತು. ಅವನ ವೃತ್ತಿಜೀವನ ಅರಳದೆ ಹೋದದ್ದನ್ನು ವೇಗದ ವಿರುದ್ಧದ ಸಾಕ್ಷಿಯಾಗಿ ಬಳಸುವುದು ಆ ಯುವಕನಿಗೆ ಅನ್ಯಾಯ. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸೇಫ್ಟಿ ಕೆವಿನ್ ಬಯರ್ಡ್. ಮಿಡ್ಲ್ ಟೆನೆಸೀಯಲ್ಲಿ ಆಡಿದ ಅವನನ್ನು 2016ರಲ್ಲಿ ಕಂಬೈನ್‌ಗೆ ಕರೆಯಲೇ ಇಲ್ಲ. ಟೆನೆಸೀ ಟೈಟನ್ಸ್ ಅವನನ್ನು 64ನೆಯವನಾಗಿ ತೆಗೆದುಕೊಂಡಿತು, ಮರುವರ್ಷ ಅವನು ಎಂಟು ಇಂಟರ್‌ಸೆಪ್ಷನ್‌ಗಳೊಂದಿಗೆ ಲೀಗ್‌ನಲ್ಲೇ ಮೊದಲ ಸ್ಥಾನವನ್ನು ಹಂಚಿಕೊಂಡ. ಅವನು ಚೆಂಡಿನ ದಾರಿಯನ್ನು ಓದುವ ಬಗೆ ಕಾಲೇಜಿನ ಚಿತ್ರಣದಲ್ಲೇ ಇತ್ತು, ಕುಳಿತು ನೋಡಿದವರಿಗೆ ಕಂಡಿತು.

ಹ್ಯಾಮಿಲ್ಟನ್‌ನನ್ನು ಬಾಲ್ಟಿಮೋರ್ ರೇವನ್ಸ್ 14ನೆಯವನಾಗಿ ಆರಿಸಿತು. ನಂತರದ್ದು ನಿನಗೆ ಗೊತ್ತೇ ಇದೆ: ಮೊದಲ ವರ್ಷ ಅವನನ್ನು ಬಹುಪಾಲು ಸ್ಲಾಟ್‌ನಲ್ಲಿ ಬಳಸಿಕೊಂಡರು, 2023ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ, ಅಂದರೆ ನಮ್ಮವರ ವಿರುದ್ಧವೇ, ಒಂದೇ ಪಂದ್ಯದಲ್ಲಿ ಮೂರು ಸ್ಯಾಕ್ ಮಾಡಿದ (ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಅವನನ್ನು ಕೆಡವಿದ), ಆ ವರ್ಷವೇ ಲೀಗ್‌ನ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡಕ್ಕೆ ಸೇರಿದ. ಇದನ್ನೆಲ್ಲ ತಿಳಿದುಕೊಂಡು, ಅವನಿಗಿಂತ ಮೊದಲು ಬೇರೆಯವರನ್ನು ಆರಿಸಿದ ತಂಡಗಳನ್ನು ಕುರುಡರೆಂದು ಬರೆಯುವ ಆಸೆ ಹುಟ್ಟಿದರೆ ಅದನ್ನೂ ತಡೆದುಕೋ. ಆ ಹದಿಮೂರು ಜನರಲ್ಲಿ ಮುಂದೆ ತಾವೂ ಹೆಸರು ಮಾಡಿದವರಿದ್ದರು: ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟುವ ಏಡನ್ ಹಚಿನ್ಸನ್, ಕಾರ್ನರ್‌ಬ್ಯಾಕ್‌ಗಳಾದ (ಅಂಚಿನಲ್ಲಿ ರಿಸೀವರ್‌ಗಳನ್ನು ಕಾಯುವವರು) ಡೆರೆಕ್ ಸ್ಟಿಂಗ್ಲಿ, ಸಾಸ್ ಗಾರ್ಡ್‌ನರ್. ಸೇಫ್ಟಿಗಿಂತ ಕಾರ್ನರ್‌ಬ್ಯಾಕ್‌ಗೂ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟುವವನಿಗೂ ಹೆಚ್ಚು ಬೆಲೆ ಕಟ್ಟುವುದು ಲೀಗ್‌ನ ಹಳೆಯ ರೂಢಿ. 2010ರಲ್ಲಿ ಸೇಫ್ಟಿ ಎರಿಕ್ ಬೆರಿ 5ನೆಯವನಾಗಿ ಆಯ್ಕೆಯಾದದ್ದನ್ನು ಇಂದಿಗೂ ಉದಾಹರಣೆಯಾಗಿ ಹೇಳುತ್ತಾರೆಂದರೆ ಅಂಥದ್ದು ಎಷ್ಟು ವಿರಳವೆಂದು ತಿಳಿಯುತ್ತದೆ. ರೇವನ್ಸ್‌ನಲ್ಲಿ ಹ್ಯಾಮಿಲ್ಟನ್‌ಗೆ ಆಳದಲ್ಲಿ, ಸ್ಲಾಟ್‌ನಲ್ಲಿ, ಮುಂದಿನ ಸಾಲಿನ ಹಿಂದೆಯೇ ನಿಲ್ಲುವ ಲೈನ್‌ಬ್ಯಾಕರ್‌ಗಳ ಪಕ್ಕದಲ್ಲಿ, ಹೀಗೆ ಎಲ್ಲ ಕಡೆ ನಿಲ್ಲುವ ಅವಕಾಶ ಸಿಕ್ಕಿತು. ಪ್ರತಿ ಆಟದಲ್ಲೂ ಹಿಂದೆ ಒಬ್ಬನನ್ನೇ ನಿಲ್ಲಿಸುವ ತಂಡಕ್ಕೆ ಹೋಗಿದ್ದರೆ ಇಷ್ಟೇ ಬೆಳೆಯುತ್ತಿದ್ದನೆಂದು ಖಚಿತವಾಗಿ ಹೇಳಲಾಗದು. ನಿನ್ನ ವರದಿಯ ಕೊನೆಯ ಭಾಗದಲ್ಲಿ ‘ಡ್ರಾಫ್ಟ್‌ನ ಯಾವ ಸುತ್ತಿನಲ್ಲಿ’ ಎಂಬುದರ ಜೊತೆಗೆ ‘ಯಾವ ಬಗೆಯ ರಕ್ಷಣಾ ವ್ಯವಸ್ಥೆಯಲ್ಲಿ, ಯಾವ ಕೆಲಸಕ್ಕೆ’ ಎಂಬುದೂ ಇರಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೆ.

ನೀನು ಆರಿಸಿಕೊಂಡ ಪಂದ್ಯಗಳಲ್ಲಿ ಎಲ್ಲವೂ ನೋಟರ್ ಡೇಮ್ ಗೆದ್ದವೇ ಆಗಿವೆ. 2021ರ ಜನವರಿ 1ರಂದು ಅಲಬಾಮಾ ವಿರುದ್ಧ 31-14ರಿಂದ ಸೋತ ಸೆಮಿಫೈನಲ್ ಅನ್ನೂ, ಅದೇ ವರ್ಷದ ಅಕ್ಟೋಬರ್ 2ರಂದು ಸಿನ್ಸಿನಾಟಿ ವಿರುದ್ಧ ತವರಿನಲ್ಲೇ 24-13ರಿಂದ ಸೋತ ಪಂದ್ಯವನ್ನೂ ಸೇರಿಸಿಕೋ. ಎದುರಿಗೆ ತನಗಿಂತ ಬಲವಾದ ತಂಡವಿದ್ದಾಗ, ಕ್ವಾರ್ಟರ್‌ಬ್ಯಾಕ್ ಕಣ್ಣಿನಿಂದಲೇ ಸೇಫ್ಟಿಯನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಎಸೆಯಬಲ್ಲವನಾದಾಗ, ಅವನ ಮೊದಲ ಹೆಜ್ಜೆ ಎತ್ತ ಬೀಳುತ್ತದೆ ನೋಡು. ಅಷ್ಟು ಮಾಡಿದ ಮೇಲೂ ಅವನ ವೇಗ ಸಾಲದೆಂದೇ ನಿನಗೆ ಅನ್ನಿಸಿದರೆ ಹಾಗೆಯೇ ಬರೆ, ನಾನು ಒಪ್ಪದಿದ್ದರೂ ಗೌರವಿಸುತ್ತೇನೆ. ಆದರೆ ಆಗ ಗಡಿಯಾರದ ಅಂಕಿಯ ಬದಲು ಯಾವ ಪಂದ್ಯದ ಯಾವ ಆಟ ಎಂಬುದು ಆ ವಾಕ್ಯದಲ್ಲಿರಲಿ. ತಿದ್ದಿದ ಪ್ರತಿಯನ್ನು ನಿಮ್ಮ ವಿಭಾಗಕ್ಕೆ ಒಪ್ಪಿಸುವ ಮೊದಲು ನನಗೂ ಒಂದು ಕಳುಹಿಸು. ಶನಿವಾರ ನನಗೆ ರಜೆ, ಅಲಬಾಮಾ ಪಂದ್ಯವನ್ನು ನಾನೂ ಮತ್ತೆ ನೋಡಿಕೊಂಡಿರುತ್ತೇನೆ.

ಇತಿ,
ನಿನ್ನ ಅಮ್ಮ