8,000 ಕಿಲೋಮೀಟರಿಗೆ ಒಂದು ಸಮೋಸಾ: ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ನಮಸ್ಕಾರ. ಮಗಳು ಲಂಡನ್ನಿನಲ್ಲಿ ನೆಲೆಸಿದಾಗಿನಿಂದ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಬಂದು ಮಾಡುತ್ತಿದ್ದೇವೆ. ಸುಮಾರು 8,000 ಕಿಲೋಮೀಟರ್ ದಾರಿ, ನೇರ ವಿಮಾನವಾದರೆ ಹತ್ತು-ಹನ್ನೊಂದು ಗಂಟೆ. ಹೋಗುವಾಗ ಎದುರುಗಾಳಿ, ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಗಾಳಿಯನ್ನು ದೂರಿ ಪ್ರಯೋಜನವಿಲ್ಲ ಬಿಡಿ. ವಿಮಾನ ಹತ್ತುವ ಮೊದಲೇ ಹಾಳಾಗುವ ಗಂಟೆಗಳಿಗೆ ಯಾರು ಹೊಣೆ ಎಂದು ಕೇಳಿ ಕೇಳಿ ಸಾಕಾಗಿ ತಮಗೆ ಬರೆಯುತ್ತಿದ್ದೇನೆ.

ಕಳೆದ ಸಲ ರಾತ್ರಿ 1 ಗಂಟೆಯ ವಿಮಾನ. ಮೊದಲು ಒಂದು ಗಂಟೆ ತಡ ಎಂದರು. ಆಮೇಲೆ ಇನ್ನೊಂದು ಗಂಟೆ. ಹೀಗೆ ಕಂತಿನ ಮೇಲೆ ಕಂತು ಹಾಕಿ ಬೆಳಗು ಮಾಡಿದರು. ರಾತ್ರಿ 8ರಿಂದ 3ರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆ ಮೀರಿ ತಡವಾದರೆ ಹೋಟೆಲ್ ಕೊಡಬೇಕೆಂಬ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮ ತಮಗೆ ತಿಳಿಯದ್ದೇನಲ್ಲ. ಕಂಪನಿಯವರಿಗೂ ಚೆನ್ನಾಗಿ ಗೊತ್ತು. ಅದಕ್ಕೇ ಆರು ಗಂಟೆ ಎಂದು ಒಂದೇ ಸಲಕ್ಕೆ ಯಾರೂ ಬಾಯಿ ಬಿಡುವುದಿಲ್ಲ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಪೆನ್ನು ಕೈಯಲ್ಲಿ ಹಿಡಿದು, "ಊಟ ಎಷ್ಟು ಹೊತ್ತಿಗೆ ಬರುತ್ತೆ ಹೇಳಮ್ಮಾ, ನೋಡ್ಕೊಂಡು ಚುಚ್ಕೋತೀನಿ" ಎಂದು ಕೌಂಟರಿನ ಹುಡುಗಿಯನ್ನು ಕೇಳಿದಳು. ಬಂದದ್ದು ತಣ್ಣಗಾದ ಒಂದು ಸಮೋಸಾ, ಒಂದು ಮಾವಿನ ಜ್ಯೂಸು. ಸಕ್ಕರೆ ಕಾಯಿಲೆಯವಳಿಗೆ ಮಾವಿನ ಜ್ಯೂಸು! ಆ ಹುಡುಗಿಯನ್ನು ಬೈದೇನು ಮಾಡಲಿ, ಅವಳೂ ರಾತ್ರಿಯೆಲ್ಲ ನಿಂತೇ ಇದ್ದಳು. ಎಂಟರ ಹೊತ್ತಿಗೆ ಹೋಟೆಲ್ ಕೇಳಿದರೆ, "ಇನ್ನೇನು ಬೋರ್ಡಿಂಗ್ ಶುರು ಅಂಕಲ್" ಎಂದಳು. ಹೊರಟಾಗ ಹತ್ತು ದಾಟಿತ್ತು.

ಇದೇ ವಿಮಾನ ಲಂಡನ್ನಿನಿಂದ ಬೆಂಗಳೂರಿಗೆ ಹೊರಟು, ಕಂಪನಿಯ ತಪ್ಪಿನಿಂದ ಇಷ್ಟು ತಡವಾಗಿ ತಲುಪಿದ್ದರೆ ಬ್ರಿಟನ್ನಿನ ಕಾನೂನಿನಂತೆ ತಲೆಗೆ 520 ಪೌಂಡ್ ಕೊಡಬೇಕಿತ್ತು. ಅಲ್ಲಿ ಲೆಕ್ಕ ದೂರದ ಮೇಲೆ: 1,500 ಕಿ.ಮೀ.ವರೆಗೆ 220, 3,500ರವರೆಗೆ 350, ಅದನ್ನು ಮೀರಿದರೆ 520. ಅಲ್ಲಿಂದ ಹೊರಡುವ ನಮ್ಮ ದೇಶದ ಕಂಪನಿಯೂ ತೆರಲೇಬೇಕು. ಅದೇ ಕಂಪನಿ, ಅದೇ ಸೀಟು, ಅಷ್ಟೇ ಕಿಲೋಮೀಟರು, ಬೆಂಗಳೂರಿನಿಂದ ಹೊರಟರೆ ಮಾತ್ರ ಸಮೋಸಾ! ನಮ್ಮ ನಿಯಮದಲ್ಲಿ ವಿಮಾನ ರದ್ದಾದರೆ ಇಂತಿಷ್ಟು ಎಂದು ಬರೆದಿದೆ, ತಡವಾದರೆ ಬರೆದಿಲ್ಲ. ರದ್ದು ಮಾಡುವುದಕ್ಕಿಂತ ನಮ್ಮನ್ನು ರಾತ್ರಿಯೆಲ್ಲ ಕೂರಿಸುವುದೇ ಅಗ್ಗ.

ಹಾಗಾಗಿ ಕೇಳುತ್ತಿದ್ದೇನೆ: ತಡಕ್ಕೂ ದೂರ ನೋಡಿ ಪರಿಹಾರ ನಿಗದಿ ಮಾಡಿ. ತಡದಿಂದಾದ ನಷ್ಟ ಕೇಳಲು ಮಾಂಟ್ರಿಯಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ, ಗ್ರಾಹಕರ ಆಯೋಗವಿದೆ ಎಂದು ದಯವಿಟ್ಟು ಹೇಳಬೇಡಿ. ಎಪ್ಪತ್ತು ದಾಟಿದವರು ವಾಯಿದೆಯ ಮೇಲೆ ವಾಯಿದೆ ಅಲೆಯುವಂತಾಗುವುದು ಯಾವ ನ್ಯಾಯ? ಮೊತ್ತ ನಿಗದಿ ಮಾಡಿ. ಅರ್ಜಿ, ಫಾರಂ, ಕಸ್ಟಮರ್ ಕೇರ್ ಸಂಗೀತ ಏನೂ ಬೇಡ, ಟಿಕೆಟ್‌ನ ದುಡ್ಡು ಹೋದ ಖಾತೆಗೇ ಬಂದು ಬೀಳಲಿ. ಬೇಸಿಗೆಗೆ ನಾವು ಮತ್ತೆ ಲಂಡನ್ನಿಗೆ ಹೊರಡುತ್ತೇವೆ. ಅಷ್ಟರೊಳಗೆ ನಿಗದಿ ಮಾಡಿ, ಸ್ವಾಮಿ.

ಇಂತಿ,
ಮೈಸೂರಿನ ಒಬ್ಬ ಹಿರಿಯ ಪ್ರಯಾಣಿಕ